ತಂತ್ರಾಂಶವೂ ದಾಸೋಹವೂ

ವಿದ್ಯಾಸಂಸ್ಥೆಯೊಂದರ ಆಸ್ತಿ ಯಾವುದೆಂದು ಕೇಳಿದರೆ ಕಟ್ಟಡವನ್ನೋ ಮೈದಾನವನ್ನೋ ಗ್ರಂಥಭಂಡಾರವನ್ನೋ ತೋರಿಸುವವರೇ ಬಹುಮಂದಿ. ಕಚೇರಿಯ ಮೂಲೆಯಲ್ಲಿ ನಿಂತಿರುವ ಕಬ್ಬಿಣದ ಬೀರುವನ್ನು ತೋರಿಸುವವರು ವಿರಳ. ದಾಖಲಾತಿ ಪುಸ್ತಕ, ಅಂಕಗಳ ರಿಜಿಸ್ಟರು, ಶುಲ್ಕದ ಕೀರ್ದಿ, ವರ್ಗಾವಣೆ ಪತ್ರಗಳ ಅಡಿಪ್ರತಿ, ಇವೆಲ್ಲ ಇರುವುದು ಅಲ್ಲಿ. ನಲವತ್ತು ವರ್ಷಗಳ ಹಿಂದೆ ಓದಿ ಹೋದವನೊಬ್ಬನು ಜನ್ಮದಿನಾಂಕದ ಆಧಾರ ಬೇಡಿ ಬಂದರೆ ಗುಮಾಸ್ತರು ಧೂಳು ಕೊಡವಿ ಪುಸ್ತಕ ತೆಗೆಯುತ್ತಾರೆ. ಮಸಿ ಮಾಸಿರುತ್ತದೆ, ಹಾಳೆ ಹಳದಿಗಟ್ಟಿರುತ್ತದೆ. ಆದರೂ ಓದಲು ಬರುತ್ತದೆ. ಆ ಬೀರುವಿನ ಬೀಗದ ಕೈ ಪ್ರಾಚಾರ್ಯರ ಮೇಜಿನ ಖಾನೆಯಲ್ಲಿರುತ್ತದೆ. ಬೀರು ಮಾಡಿಕೊಟ್ಟವನು ಆ ಕೈಯನ್ನು ತನ್ನಲ್ಲೇ ಇರಿಸಿಕೊಂಡು, ವರ್ಷವರ್ಷವೂ ಬಾಡಿಗೆ ಸಂದಾಯವಾದರೆ ಮಾತ್ರ ತೆರೆದು ತೋರಿಸುವೆನೆಂದರೆ ಯಾವ ಆಡಳಿತ ಮಂಡಳಿಯೂ ಒಪ್ಪದು.

ಗಣಕಯಂತ್ರದ ವಿಷಯದಲ್ಲಿ ಮಾತ್ರ ಇಂಥ ಏರ್ಪಾಟಿಗೆ ಎಲ್ಲೆಡೆ ಮೌನಸಮ್ಮತಿ ದೊರೆತಂತಿದೆ. ಪ್ರವೇಶ, ಹಾಜರಿ, ಶುಲ್ಕ, ಆಂತರಿಕ ಪರೀಕ್ಷೆಯ ಅಂಕ, ವಿದ್ಯಾರ್ಥಿನಿಲಯದ ಲೆಕ್ಕ ಇವೆಲ್ಲವೂ ಕಾಲೇಜುಗಳಲ್ಲಿ ಕ್ರಮಕ್ರಮವಾಗಿ ತಂತ್ರಾಂಶದೊಳಗೆ ಸೇರಿವೆ. 2020ರ ಮಹಾಮಾರಿಯ ಕಾಲದಲ್ಲಿ ಪಾಠವೂ ಅದರೊಳಗೆ ಸೇರಿತು. ಆ ತಂತ್ರಾಂಶವು ಬಹುಮಟ್ಟಿಗೆ ಯಾವುದಾದರೊಂದು ಕಂಪನಿಯ ಸೊತ್ತು. ವಿದ್ಯಾರ್ಥಿಯ ತಲೆಗಿಷ್ಟೆಂದು ಅದಕ್ಕೆ ವಾರ್ಷಿಕ ಬಾಡಿಗೆ. ಕಂಪನಿ ಬಾಡಿಗೆ ಏರಿಸಿದರೆ, ಮುಚ್ಚಿಹೋದರೆ, ಇನ್ನೊಬ್ಬರಿಗೆ ಮಾರಾಟವಾದರೆ, ವಿದ್ಯಾಲಯದ ಲೆಕ್ಕಪತ್ರವು ಯಾರ ವಶದಲ್ಲಿ ಯಾವ ರೂಪದಲ್ಲಿ ಉಳಿಯುವುದೆಂಬ ಪ್ರಶ್ನೆಗೆ ಒಪ್ಪಂದಪತ್ರದಲ್ಲಿ ಉತ್ತರವಿರುವುದು ಅಪರೂಪ. ಕಂಪನಿಯವರು ದುರುಳರೆಂದು ಇದರ ಭಾವವಲ್ಲ. ವ್ಯಾಪಾರಿಗಳು ವ್ಯಾಪಾರ ಮಾಡುತ್ತಾರೆ, ಅದು ಅವರ ಧರ್ಮ. ತನ್ನ ದಾಖಲೆಯನ್ನು ಕಾಯ್ದುಕೊಳ್ಳುವುದು ವಿದ್ಯಾಲಯದ ಧರ್ಮ.

ಇದಕ್ಕೊಂದು ಬೇರೆಯ ದಾರಿ ಲೋಕದಲ್ಲಿ ಸಿದ್ಧವಾಗಿ ಬಹುಕಾಲವಾಗಿದೆ. ಅದನ್ನು ಮುಕ್ತ ತಂತ್ರಾಂಶವೆನ್ನುತ್ತಾರೆ. ಹಸ್ತಪ್ರತಿಗಳ ಲೋಕವನ್ನು ಬಲ್ಲವರಿಗೆ ಇದರ ತತ್ತ್ವ ಹೊಸದೇನೂ ಅಲ್ಲ. ಪ್ರತಿಯೊಂದು ತಂತ್ರಾಂಶಕ್ಕೂ ಮನುಷ್ಯರು ಓದಬಲ್ಲ ಒಂದು ಮೂಲಪಾಠವಿರುತ್ತದೆ; ಯಂತ್ರವು ಓದುವುದು ಅದರ ಪರಿವರ್ತಿತ ರೂಪವನ್ನು. ಸಾಮಾನ್ಯ ಕಂಪನಿಗಳು ಮೂಲಪಾಠವನ್ನು ಮುಚ್ಚಿಟ್ಟು ಯಂತ್ರಪಾಠವನ್ನು ಮಾತ್ರ ಮಾರುತ್ತವೆ. ಮುಕ್ತ ತಂತ್ರಾಂಶದಲ್ಲಿ ಮೂಲಪಾಠವೇ ಕೈಗೆ ಬರುತ್ತದೆ. ಅದನ್ನು ಓದಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಈ ಮಾರ್ಗವನ್ನು ಸಾರಿದರು. 1989ರಲ್ಲಿ ಅದಕ್ಕೊಂದು ಪರವಾನಗಿ ಪತ್ರವೂ ರಚಿತವಾಯಿತು. ಪಡೆದವನು ತಿದ್ದಿ ಇತರರಿಗೆ ಹಂಚುವುದಾದರೆ, ತನಗೆ ದೊರೆತ ಸ್ವಾತಂತ್ರ್ಯವನ್ನೇ ಅವರಿಗೂ ಕೊಡತಕ್ಕದ್ದೆಂಬುದು ಆ ಪತ್ರದ ತಿರುಳು.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಒಂದು ಕೃತಿಯ ಆಯುಸ್ಸು ಅದರ ಪ್ರತಿಗಳ ಸಂಖ್ಯೆಯಲ್ಲಿದೆಯೆಂದು ಆಕೆ ಅರಿತಿದ್ದಳು. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಈ ನಾಡಿನಲ್ಲಿತ್ತು. ವಚನಗಳ ಓಲೆಗರಿಗಳು ಎಷ್ಟೋ ಮನೆಗಳ ಜಗಲಿಯ ಮೇಲೆ ವಿಭೂತಿ ಪತ್ರಿಗಳ ನಡುವೆ ಪೂಜೆಗೊಳ್ಳುತ್ತಿದ್ದವು, ಬಿಚ್ಚಿ ಓದುವವರಿರಲಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ, ಬೇಡಿ, ಕಾಡಿ ಆ ಕಟ್ಟುಗಳನ್ನು ಪಡೆದು, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆಯೇ ಪೂಜೆಯ ವಸ್ತು ಓದಿನ ವಸ್ತುವಾದುದು. ಓದಲಾಗದ ತಂತ್ರಾಂಶವೂ ಬಿಚ್ಚದ ಓಲೆಕಟ್ಟೇ ಸರಿ. ಒಂದು ಭೇದವುಂಟು: ಓಲೆಕಟ್ಟಿಗೆ ಯಾರೂ ಬಾಡಿಗೆ ಕೇಳುತ್ತಿರಲಿಲ್ಲ.

ಉಚ್ಚಶಿಕ್ಷಣದಲ್ಲಿ ಈ ಮಾರ್ಗವು ಹೇಗೆ ನಡೆಯಿತೆಂಬುದು ತಿಳಿಯತಕ್ಕ ವೃತ್ತಾಂತ. ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯ ಒಂದು ದೂರದ ನೆಲೆಯಲ್ಲಿ ಮಾರ್ಟಿನ್ ಡೂಜಿಯಾಮಸ್ ಎಂಬ ಬಾಲಕ ಬೆಳೆದನು. ಹತ್ತಿರದಲ್ಲಿ ಶಾಲೆಯಿರಲಿಲ್ಲ. ಪಾಠದ ಕಟ್ಟುಗಳು ವಿಮಾನದಲ್ಲಿ ಬರುತ್ತಿದ್ದವು. ಗುರುವಿನ ಧ್ವನಿ ರೇಡಿಯೋದಲ್ಲಿ ಕೇಳಿಬರುತ್ತಿತ್ತು. ಮುಂದೆ ಆತ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ಎಂಬ ಖಾಸಗಿ ಬೋಧನಾ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು, ಅದರಿಂದ ಬೇಸತ್ತು, ತಾನೇ ಒಂದನ್ನು ಬರೆಯತೊಡಗಿದನು. 2002ರ ಆಗಸ್ಟ್ 20ರಂದು ಹೊರಬಂದ ಆ ತಂತ್ರಾಂಶವೇ ಮೂಡಲ್. ಪಾಠ, ಪ್ರಶ್ನೋತ್ತರ, ಚರ್ಚೆ, ಪರೀಕ್ಷೆ, ಅಂಕ ಇವೆಲ್ಲವೂ ಅದರಲ್ಲಿ ಉಂಟು. ವಿದ್ಯಾರ್ಥಿ ಕೇವಲ ಕೇಳುವವನಾಗದೆ, ಒಡನಾಡಿಗಳೊಡನೆ ಏನನ್ನಾದರೂ ಕಟ್ಟುತ್ತ ಕಲಿಯಬೇಕೆಂಬುದು ಅದನ್ನು ರಚಿಸಿದವರ ಶಿಕ್ಷಣಸಿದ್ಧಾಂತ. ಇಂದು ಲೋಕದ ಸಾವಿರಾರು ವಿದ್ಯಾಲಯಗಳಲ್ಲಿ ಅದು ನಡೆಯುತ್ತಿದೆ; ನೂರಕ್ಕೂ ಮಿಕ್ಕ ಭಾಷೆಗಳಲ್ಲಿ ಅದರ ಪಾಠವಿದೆ. ಅದನ್ನು ಸ್ಥಾಪಿಸಿ ನಡೆಸಿಕೊಡುವ ಅಧಿಕೃತ ಸಂಸ್ಥೆಗಳು ತಮ್ಮ ಆದಾಯದ ಒಂದು ಪಾಲನ್ನು ಮೂಲಸಂಸ್ಥೆಗೆ ಸಲ್ಲಿಸುತ್ತವೆ. ದುಡಿದುದರಲ್ಲಿ ಒಂದು ಪಾಲು ಸಮುದಾಯಕ್ಕೆ ಸಲ್ಲಬೇಕೆಂಬ ಮಾತು ಶರಣರ ನಾಡಿನಲ್ಲಿ ಅಪರಿಚಿತವೇನಲ್ಲ.

ದಾರಿ ನಿಷ್ಕಂಟಕವಾಗಿರಲಿಲ್ಲ. ಅಮೆರಿಕದ ಬ್ಲ್ಯಾಕ್‌ಬೋರ್ಡ್ ಎಂಬ ದೊಡ್ಡ ಕಂಪನಿ 2006ರಲ್ಲಿ ವೆಬ್‌ಸಿಟಿಯನ್ನೇ ಕೊಂಡು ತನ್ನಲ್ಲಿ ಲೀನಗೊಳಿಸಿಕೊಂಡಿತು. ಅದೇ ವರ್ಷದ ಜನವರಿಯಲ್ಲಿ ಬೋಧನಾ ತಂತ್ರಾಂಶದ ಮೇಲೆ ಅದಕ್ಕೊಂದು ಪೇಟೆಂಟ್ ದೊರೆಯಿತು. ಒಬ್ಬನೇ ವ್ಯಕ್ತಿ ಒಂದೇ ಪ್ರವೇಶದಿಂದ ಒಂದು ತರಗತಿಯಲ್ಲಿ ವಿದ್ಯಾರ್ಥಿಯಾಗಿಯೂ ಇನ್ನೊಂದರಲ್ಲಿ ಉಪಾಧ್ಯಾಯನಾಗಿಯೂ ಇರಬಹುದಾದ ವ್ಯವಸ್ಥೆಯು ಅದರ ಹಕ್ಕುಗಳಲ್ಲೊಂದು. ಮಠದ ಪಾಠಶಾಲೆಯಲ್ಲಿ ಬೆಳಗ್ಗೆ ಹಿರಿಯರಿಂದ ಕೌಮುದಿಯನ್ನು ಹೇಳಿಸಿಕೊಂಡವನು ಸಂಜೆ ಕಿರಿಯರಿಗೆ ಅಮರಕೋಶವನ್ನು ಹೇಳಿಕೊಡುವುದು ಎಷ್ಟು ತಲೆಮಾರುಗಳ ರೂಢಿಯೋ ಬಲ್ಲವರಾರು! ಯಂತ್ರದ ಒಳಹೊಕ್ಕೊಡನೆ ಅದು ಹೊಸ ಶೋಧವೆನಿಸಿತು. ಕಂಪನಿಯು ಕೆನಡಾದ ಡಿಸೈರ್‌ಟುಲರ್ನ್ ಎಂಬ ಪ್ರತಿಸ್ಪರ್ಧಿಯ ಮೇಲೆ ದಾವೆ ಹೂಡಿತು. 2008ರಲ್ಲಿ ಟೆಕ್ಸಾಸಿನ ಜ್ಯೂರಿ ಸುಮಾರು 31 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಮೇಲ್ಮನವಿಯಲ್ಲಿ, 2009ರ ಜುಲೈನಲ್ಲಿ, ಆ ಹಕ್ಕುಗಳು ಊರ್ಜಿತವಲ್ಲವೆಂದು ತೀರ್ಪಾಯಿತು. ವರ್ಷಾಂತ್ಯಕ್ಕೆ ಉಭಯಪಕ್ಷಗಳೂ ರಾಜಿಯಾದವು. ಇದರ ನಡುವೆ ಮೂಡಲ್ ಮೊದಲಾದ ಮುಕ್ತ ತಂತ್ರಾಂಶಗಳ ಪರವಾಗಿ ನ್ಯಾಯವಾದಿಗಳ ಸಂಸ್ಥೆಯೊಂದು ಪೇಟೆಂಟ್ ಕಚೇರಿಯ ಮುಂದೆ ಮರುಪರಿಶೀಲನೆಯ ಅರ್ಜಿ ಸಲ್ಲಿಸಿತ್ತು. ಆಸ್ತಿಯಿಲ್ಲದವರಿಗೂ ವಕೀಲರು ಬೇಕಾದ ಕಾಲವಿದು.

ಮೂಡಲ್ ಒಬ್ಬನ ಸಂಕಲ್ಪದಿಂದ ಹುಟ್ಟಿದ್ದಾದರೆ, ಸಕಾಯ್ ಮತ್ತು ಕ್ವಾಲಿ ಎಂಬ ಇನ್ನೆರಡು ತಂತ್ರಾಂಶಗಳು ಅನೇಕ ವಿಶ್ವವಿದ್ಯಾಲಯಗಳ ಸಮಾಲೋಚನೆಯಿಂದ ಹುಟ್ಟಿದವು. 2004ರಲ್ಲಿ ಮಿಷಿಗನ್, ಇಂಡಿಯಾನಾ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳೂ ಎಂಐಟಿ ಸಂಸ್ಥೆಯೂ ಸೇರಿ, ಮೆಲನ್ ಪ್ರತಿಷ್ಠಾನದ 24 ಲಕ್ಷ ಡಾಲರ್ ನೆರವಿನೊಡನೆ, ತಮ್ಮ ತಮ್ಮ ತಂತ್ರಜ್ಞರನ್ನು ಒಂದೆಡೆ ಕೂಡಿಸಿ ಸಕಾಯ್ ಎಂಬ ಬೋಧನಾ ತಂತ್ರಾಂಶವನ್ನು ಆರಂಭಿಸಿದವು. ಕ್ವಾಲಿಯು ಆಡಳಿತದ ತಂತ್ರಾಂಶ. ಇಂಡಿಯಾನಾ ವಿಶ್ವವಿದ್ಯಾಲಯದ ಹಣಕಾಸಿನ ವ್ಯವಸ್ಥೆಯನ್ನು ತಳಹದಿಯಾಗಿಟ್ಟುಕೊಂಡು, ಹವಾಯಿ, ಕಾರ್ನೆಲ್, ಅರಿಜೋನಾ ಮೊದಲಾದ ವಿಶ್ವವಿದ್ಯಾಲಯಗಳು ಕೂಡಿ ಅದನ್ನು ಬೆಳೆಸಿದವು. ಇವುಗಳ ಹೆಸರಿನ ಮೂಲ ಸ್ವಾರಸ್ಯಕರ. ಸಕಾಯ್ ಎಂಬುದು ಜಪಾನಿನ ಪ್ರಸಿದ್ಧ ಪಾಕಪ್ರವೀಣರೊಬ್ಬರ ಹೆಸರು. ಕ್ವಾಲಿ ಎಂದರೆ ಮಲಯ ಭಾಷೆಯಲ್ಲಿ ಬಾಣಲೆ. ಅಮೆರಿಕದ ವಿದ್ವಾಂಸರಿಗೆ ವಿದ್ಯಾಲಯದ ಲೆಕ್ಕಪತ್ರವನ್ನು ಕುರಿತು ಯೋಚಿಸುವಾಗ ಅಡುಗೆಮನೆ ನೆನಪಾದುದು ಏಕೋ ತಿಳಿಯದು. ಪ್ರಸಾದ ನಿಲಯದ ಕೊಪ್ಪರಿಗೆಗಳನ್ನು ಕಂಡು ಬೆಳೆದವರಿಗೆ ಮಾತ್ರ ಅದು ವಿಚಿತ್ರವೆನಿಸದು.

ಈ ಬಾಣಲೆಯ ಕಥೆಯನ್ನು ಕೊನೆಯವರೆಗೆ ಹೇಳಬೇಕು, ಅರ್ಧಕ್ಕೆ ನಿಲ್ಲಿಸಿದರೆ ಅನ್ಯಾಯವಾದೀತು. ಹಣಕಾಸಿನ ಭಾಗವು ಸಾಧಾರಣವಾಗಿ ಯಶಸ್ಸು ಕಂಡಿತು. ಲೆಕ್ಕವು ಎಲ್ಲ ವಿದ್ಯಾಲಯಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಅಲ್ಲವೇ? 2007ರಲ್ಲಿ ಆರಂಭವಾದ ವಿದ್ಯಾರ್ಥಿ ದಾಖಲೆಯ ಭಾಗವು ಎಡವಿತು. ಪ್ರವೇಶದ ನಿಯಮ, ಅನುತ್ತೀರ್ಣನಾದವನಿಗೆ ಕೊಡುವ ಅವಕಾಶ, ಅಂಕಗಳ ಲೆಕ್ಕಾಚಾರ ಒಂದೊಂದು ವಿದ್ಯಾಲಯದಲ್ಲಿ ಒಂದೊಂದು ತೆರ. ಎಲ್ಲರ ರುಚಿಗೂ ಒಂದೇ ಬಾಣಲೆಯಲ್ಲಿ ಅಡುಗೆಯಾಗಬೇಕೆಂದರೆ ಕಾಲವೂ ಹಣವೂ ಮಿತಿಮೀರಿದವು. ಪಾಲುಗಾರರು ಒಬ್ಬೊಬ್ಬರಾಗಿ ಹಿಂದೆಗೆದರು. 2014ರ ಆಗಸ್ಟ್‌ನಲ್ಲಿ ಕ್ವಾಲಿ ಪ್ರತಿಷ್ಠಾನವು ಒಂದು ವಾಣಿಜ್ಯ ಕಂಪನಿ ಸ್ಥಾಪಿಸುವುದಾಗಿ ಪ್ರಕಟಿಸಿತು. ತಂತ್ರಾಂಶವನ್ನು ಆ ಕಂಪನಿಯ ಯಂತ್ರಗಳಲ್ಲಿರಿಸಿ ಬಾಡಿಗೆಗೆ ಕೊಡುವ ಪದ್ಧತಿ ಬಂದಿತು. ಹೊಸ ಬರವಣಿಗೆಯ ಒಂದು ಭಾಗ ಮುಕ್ತವಾಗಿರುವುದಿಲ್ಲವೆಂದೂ ತಿಳಿಯಿತು. ವರ್ಷಗಟ್ಟಲೆ ದುಡಿದು ಕೊಟ್ಟ ವಿದ್ಯಾಲಯಗಳಲ್ಲಿ ಕೆಲವಕ್ಕೆ ಇದು ನೋವಿನ ಸಂಗತಿಯಾಯಿತು. ಸಕಾಯ್‌ನ ಗತಿಯೂ ಏಳುಬೀಳಿನದೇ. ಅದನ್ನು ಹುಟ್ಟುಹಾಕಿದ ಮಿಷಿಗನ್ ಮತ್ತು ಇಂಡಿಯಾನಾಗಳೇ ಮುಂದೆ ಅದನ್ನು ಬಿಟ್ಟು ಕ್ಯಾನ್ವಾಸ್ ಎಂಬ ಬೇರೊಂದನ್ನು ಹಿಡಿದವು.

ಹಾಗಾದರೆ ಈ ಮಾರ್ಗ ಸೋತಿತೇ? ಇಲ್ಲಿ ವಿವೇಚನೆ ಬೇಕು. ಕ್ವಾಲಿಯ ಹಳೆಯ ಮೂಲಪಾಠವನ್ನು ಯಾರೂ ಹಿಂದಕ್ಕೆ ಪಡೆಯಲಾಗಲಿಲ್ಲ. ತಂತ್ರಜ್ಞರನ್ನು ಸ್ವಂತವಾಗಿ ಇರಿಸಿಕೊಂಡಿದ್ದ ವಿದ್ಯಾಲಯಗಳಿಗೆ ಅದನ್ನೇ ಹಿಡಿದು ಮುಂದುವರಿಯುವ ಹಾದಿ ತೆರೆದಿತ್ತು. ಹಾಗೆ ಇರಿಸಿಕೊಳ್ಳದವರಿಗೆ ಕಂಪನಿಯ ಬಾಗಿಲೇ ಗತಿಯಾಯಿತು. ಬೀಗದ ಕೈ ಇಬ್ಬರ ಬಳಿಯೂ ಇತ್ತು. ಬೀಗ ತೆರೆಯಬಲ್ಲವನು ಒಬ್ಬರ ಬಳಿ ಮಾತ್ರ ಇದ್ದನು. ಈ ಭೇದವೇ ಈ ವಿಷಯದ ಮರ್ಮ. ಕರ್ನಾಟಕದ ವಿದ್ಯಾಸಂಸ್ಥೆಗಳು ಗಮನಿಸತಕ್ಕದ್ದೂ ಇದನ್ನೇ.

ನ್ಯೂಜಿಲೆಂಡಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಲೆವಿನ್ ಎಂಬ ಚಿಕ್ಕ ಪಟ್ಟಣದ ಸುತ್ತಿನ ಹೊರೊವೆನುವಾ ಗ್ರಂಥಾಲಯಗಳ ಹಳೆಯ ಗಣಕವ್ಯವಸ್ಥೆ 2000ದ ಇಸವಿಯನ್ನು ಎಣಿಸಲಾರದೆ ನಿಲ್ಲುವಂತಿತ್ತು. ಹೊಸದನ್ನು ಬಾಡಿಗೆಗೆ ತರುವ ಬದಲು ಗ್ರಂಥಪಾಲಕರು ಒಂದು ಸ್ಥಳೀಯ ಸಂಸ್ಥೆಯಿಂದ ಬರೆಯಿಸಿದರು. 2000ದ ಜನವರಿ 3ರಂದು ಅದು ಕೆಲಸ ಆರಂಭಿಸಿತು. ಅದಕ್ಕೆ ಕೋಹಾ ಎಂದು ಹೆಸರಿಟ್ಟು ಲೋಕಕ್ಕೆ ಬಿಟ್ಟುಕೊಟ್ಟರು. ಮಾವೋರಿ ಜನರ ಭಾಷೆಯಲ್ಲಿ ಕೋಹಾ ಎಂದರೆ ಕೊಡುಗೆ; ಅತಿಥಿಯಾಗಿ ಬಂದವನು ಸಮುದಾಯಕ್ಕೆ ಸಲ್ಲಿಸುವಂಥದು, ಪಡೆದವನು ಒಂದಿಲ್ಲೊಂದು ದಿನ ಪ್ರತಿಯಾಗಿ ನೀಡಬೇಕಾದ ಋಣವುಳ್ಳದ್ದು. ಕನ್ನಡದಲ್ಲಿ ಇದಕ್ಕೆ ಸಮೀಪವಾದ ಪದ ದಾಸೋಹ. ದಾನವೆಂದರೆ ಕೊಟ್ಟವನು ಮೇಲು, ಪಡೆದವನು ಕೆಳಗು ಎಂಬ ಭಾವ ಬಂದೀತು. ದಾಸೋಹದಲ್ಲಿ ಬಡಿಸುವವನೇ ದಾಸ. ಉಂಡವನೂ ನಾಳೆ ಸೌದೆ ಒಡೆಯಬೇಕು, ಎಲೆ ತೆಗೆಯಬೇಕು, ಇಲ್ಲವೆ ಹೊಲದ ಒಂದು ಚೀಲ ಜೋಳ ತಂದು ಹಾಕಬೇಕು. ಸೌದೆ ಒಡೆಯುವವರಿಲ್ಲದ ದಾಸೋಹ ಎಷ್ಟು ದಿನ ನಡೆದೀತು?

ಕರ್ನಾಟಕದಲ್ಲಿ ಈ ಪಂಕ್ತಿಯಲ್ಲಿ ಕುಳಿತವರಿಗೇನೂ ಕೊರತೆಯಿಲ್ಲ. ಅನೇಕ ಕಾಲೇಜು ಗ್ರಂಥಾಲಯಗಳು ಕೋಹಾದಿಂದಲೇ ನಡೆಯುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಸಂಶೋಧನ ಲೇಖನಗಳ ಭಂಡಾರವನ್ನು 2002ರಷ್ಟು ಹಿಂದೆಯೇ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಪ್ರಿಂಟ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಕಟ್ಟಿತು. ರಾಜ್ಯದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು, ಕನ್ನಡದವೂ ಸೇರಿ, ಇಂದು ಮನೆಯಲ್ಲಿ ಕುಳಿತವರಿಗೂ ದೊರೆಯುತ್ತಿರುವುದು ಶೋಧಗಂಗಾದಲ್ಲಿ. ಅದರ ತಳದಲ್ಲಿರುವುದು ಎಂಐಟಿಯೂ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯೂ ಕೂಡಿ 2002ರಲ್ಲಿ ಹೊರತಂದ ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶ. ಮಠಗಳೂ ಗಣಕಕ್ಕೆ ಹೊರಗಿನವಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ಸೂತ್ರಗಳನ್ನು ಗಣಕಕ್ಕೆ ಅಳವಡಿಸಿ ಗಣಕಾಷ್ಟಾಧ್ಯಾಯಿಯನ್ನು ರೂಪಿಸಿದುದೂ, ವಚನಗಳನ್ನು ಅಂತರ್ಜಾಲಕ್ಕೆ ತಂದುದೂ ವಿದ್ವಲ್ಲೋಕಕ್ಕೆ ತಿಳಿದದ್ದೇ.

ಆದರೆ ಬಡಿಸುವವರ ಸಾಲಿನಲ್ಲಿ ಈ ನಾಡಿನವರು ಎಷ್ಟು ಮಂದಿ? ಮೂಡಲ್‌ಗೆ ಕನ್ನಡದ ಪಾಠವೊಂದಿದೆ; ಅದು ಅಪೂರ್ಣ. ಅದನ್ನು ಪೂರ್ಣಗೊಳಿಸಲು ಗಣಕಶಾಸ್ತ್ರದ ಪದವಿ ಬೇಕಿಲ್ಲ, ಕನ್ನಡ ಬಂದರೆ ಸಾಕು. ಕನ್ನಡ ವಿಭಾಗದ ಇಬ್ಬರು ಅಧ್ಯಾಪಕರು ಒಂದು ಬೇಸಗೆಯ ರಜೆಯನ್ನು ಇದಕ್ಕೆ ಕೊಟ್ಟರೂ ಎದ್ದು ಕಾಣುವಷ್ಟು ಕೆಲಸವಾದೀತು. ಹಾಗೆ ಮಾಡುವವರು ಸಂಸ್ಕೃತದ ಧಾತುಗಳನ್ನು ಹುಡುಕುತ್ತ ಕೂರದಿದ್ದರೆ ಒಳಿತು. ಹುಡುಗರ ಬಾಯಲ್ಲಿ ಹಾಲ್ ಟಿಕೆಟ್ ಹಾಲ್ ಟಿಕೆಟ್ಟೇ ಆಗಿದೆ, ಫೀ ಫೀ ಆಗಿದೆ. ವಿದ್ಯಾರ್ಥಿಗೆ ಅರ್ಥವಾಗದ ಶುದ್ಧಪದಕ್ಕಿಂತ ಅರ್ಥವಾಗುವ ಬಳಕೆಯ ಪದವೇ ವ್ಯಾಕರಣಸಮ್ಮತ.

ಬೀಗವು ಎಂಥ ಅನಾಹುತ ಮಾಡಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಕಡತಗಳು ಒಂದೊಂದು ತಂತ್ರಾಂಶದ ಒಂದೊಂದು ಅಕ್ಷರಶೈಲಿಯಲ್ಲಿ ಸಿದ್ಧವಾಗುತ್ತಿದ್ದವು. ಒಳಗಿನ ಸಂಕೇತ ಒಬ್ಬರದು ಒಂದು ಪರಿ. ಅಂದಿನ ಎಷ್ಟೋ ನಡಾವಳಿಗಳನ್ನು, ಸ್ಮರಣ ಸಂಚಿಕೆಗಳ ಬೆರಳಚ್ಚನ್ನು ಇಂದು ತೆರೆದರೆ ಆಯಾ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಶಾಸನದ ಲಿಪಿಯನ್ನು ಸಾವಿರ ವರ್ಷಗಳ ಮೇಲೆಯೂ ಓದಬಹುದಾಗಿದೆ. ಇಪ್ಪತ್ತೈದು ವರ್ಷದ ಹಿಂದಿನ ಗಣಕದ ಕಡತಕ್ಕೆ ಪರಿವರ್ತಕವನ್ನು ಹುಡುಕಬೇಕಾಗಿದೆ. ಇದರ ಎದುರಿಗೆ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ನೆನೆಯಬೇಕು. ಅವರು ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ರಾಜ್ಯ ಸರ್ಕಾರವು ಅದನ್ನೇ ಅಧಿಕೃತವೆಂದು ಅಂಗೀಕರಿಸಿತು. ಇಂದು ಕನ್ನಡ ಬೆರಳಚ್ಚು ಮಾಡುವ ಅಸಂಖ್ಯ ಜನರ ಬೆರಳುಗಳು ಆ ಕೊಡುಗೆಯ ಮೇಲೆಯೇ ಓಡಾಡುತ್ತಿವೆ.

ಇನ್ನು ವೆಚ್ಚದ ಮಾತು. ಮುಕ್ತ ತಂತ್ರಾಂಶಕ್ಕೆ ಬೆಲೆಯಿಲ್ಲವೆಂದು ಕೇಳಿದೊಡನೆ ಆಡಳಿತ ಮಂಡಳಿಗಳು ಹಿಗ್ಗುವುದುಂಟು; ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಅದನ್ನಿರಿಸಲು ಯಂತ್ರ ಬೇಕು, ಅಥವಾ ಯಂತ್ರದ ಬಾಡಿಗೆ ಬೇಕು. ಪ್ರತಿರಾತ್ರಿ ಲೆಕ್ಕದ ಪ್ರತಿಯನ್ನು ಬೇರೊಂದೆಡೆ ತೆಗೆದಿರಿಸಬೇಕು. ಮೂಲಪಾಠದಲ್ಲಿ ಕಂಡ ದೋಷಗಳಿಗೆ ಆಗಾಗ ಬರುವ ತಿದ್ದುಪಡಿಗಳನ್ನು ಅಳವಡಿಸಬೇಕು. ಅಳವಡಿಸದೆ ಬಿಟ್ಟ ತಂತ್ರಾಂಶ ಕಳ್ಳರಿಗೆ ಹಾರುಹೊಡೆದ ಬಾಗಿಲು. ಇದಕ್ಕೆಲ್ಲ ಸಂಬಳದ ಮನುಷ್ಯ ಬೇಕು. ಒಬ್ಬನಾದರೆ ಸಾಲದು, ಒಬ್ಬನು ಬೆಂಗಳೂರಿಗೆ ಹೋದ ಮರುದಿನ ಕೆಲಸ ಬಲ್ಲ ಇನ್ನೊಬ್ಬನಿರಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಾಂಶದ ವೃತ್ತಿಯವರು ಅನೇಕರಿದ್ದಾರೆ. ಅವರು ಶನಿವಾರ ಭಾನುವಾರ ಬಂದು ಸ್ಥಾಪಿಸಿಕೊಟ್ಟು ಹೋಗುವುದೂ ಉಂಟು. ಅದು ಸ್ತುತ್ಯವಾದ ಸೇವೆ, ಸಂದೇಹವಿಲ್ಲ. ಆದರೆ ನೆಟ್ಟವರು ದೂರದೇಶಕ್ಕೆ ಹೋದ ಮೇಲೆ ನೀರೆರೆಯುವವರಾರೆಂದು ಮೊದಲೇ ನಿರ್ಧರಿಸದಿದ್ದರೆ, ಎರಡನೆಯ ವರ್ಷದಲ್ಲಿ ಆ ಯಂತ್ರದ ಮೇಲೆ ಬಟ್ಟೆ ಹೊದಿಸಿ, ಮತ್ತೆ ಬಾಡಿಗೆಯ ಕಂಪನಿಯನ್ನು ಕರೆಯುವುದಾಗುತ್ತದೆ.

ದಾನಿಗಳ ವಿಷಯದಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಕೊಠಡಿಗೆ, ಬೆಂಚಿಗೆ, ಗೋಡೆಯ ಗಡಿಯಾರಕ್ಕೆ ಹೆಸರು ಬರೆಯಿಸಲು ಸ್ಥಳವಿದೆ. ತಂತ್ರಾಂಶ ಕಾಯುವವನ ಸಂಬಳಕ್ಕೆ ಫಲಕ ಹಾಕಲು ಗೋಡೆಯಿಲ್ಲ. ಆದಕಾರಣ ಆ ದತ್ತಿಗೆ ದಾತೃಗಳಿಲ್ಲ. ಪ್ರಸಾದ ನಿಲಯಗಳನ್ನು ಕಟ್ಟಿದ ಹಿರಿಯ ತಲೆಮಾರಿನವರು ಕಟ್ಟಡಕ್ಕೆ ಕೊಟ್ಟಂತೆಯೇ ದಿನದ ಅಕ್ಕಿಗೂ ಉಪ್ಪಿಗೂ ಕೊಟ್ಟಿದ್ದರು. ಅಕ್ಕಿಯ ಮೂಟೆಯ ಮೇಲೆ ಅವರು ಹೆಸರು ಕೇಳಲಿಲ್ಲ.

ಒಂದೊಂದು ಕಾಲೇಜು ಒಬ್ಬೊಬ್ಬನನ್ನು ಸಾಕುವುದು ಕಷ್ಟವೆಂಬ ಆಕ್ಷೇಪ ನ್ಯಾಯವಾದುದೇ. ಕ್ವಾಲಿಯಿಂದ ಕಲಿಯಬಹುದಾದ ಒಳ್ಳೆಯ ಪಾಠ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಒಂದು ಮಠದ ಆಡಳಿತದಲ್ಲಿ ಅನೇಕ ಕಾಲೇಜುಗಳಿರುತ್ತವೆ. ನೆರೆಯ ಮಠಗಳವೂ ಹಾಗೆಯೇ ಇವೆ. ಇವೆಲ್ಲವೂ ಬೇರೆ ಬೇರೆ ಕಂಪನಿಗಳಿಗೆ ಬೇರೆ ಬೇರೆ ಬಾಡಿಗೆ ತೆರುತ್ತಿರುವುದನ್ನು ಕೂಡಿಸಿ ಲೆಕ್ಕ ಹಾಕಿದವರು ಇನ್ನೂ ಕಂಡುಬಂದಿಲ್ಲ. ಹತ್ತು ಕಾಲೇಜುಗಳು ಕೂಡಿದರೆ ಮೂವರು ತಂತ್ರಜ್ಞರ ಸಂಬಳ ಭಾರವಾಗದು. ಕ್ವಾಲಿಯ ಕೆಟ್ಟ ಪಾಠವನ್ನೂ ಮರೆಯಬಾರದು: ಎಲ್ಲವನ್ನೂ ಒಮ್ಮೆಗೇ ಕೂಡಿಸ ಹೊರಟರೆ ಬಾಣಲೆ ಒಡೆಯುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳ ಪ್ರವೇಶ ಮತ್ತು ಪರೀಕ್ಷೆಗಳು ಹೇಗೂ ರಾಜ್ಯ ಸರ್ಕಾರದ ಏಕೀಕೃತ ವ್ಯವಸ್ಥೆಗೆ ಹೋಗಿವೆ. ಅದು ಕಾಲೇಜಿನ ಕೈಯಲ್ಲಿಲ್ಲ. ಕೈಯಲ್ಲಿರುವುದು ಗ್ರಂಥಾಲಯ, ಪಾಠ, ಹಾಜರಿ, ವಿದ್ಯಾರ್ಥಿನಿಲಯದ ಲೆಕ್ಕ. ಗ್ರಂಥಾಲಯದಿಂದ ಆರಂಭಿಸುವುದು ಕ್ಷೇಮ. ಕೋಹಾ ಬಲ್ಲ ಗ್ರಂಥಪಾಲಕರು ಜಿಲ್ಲೆಜಿಲ್ಲೆಗಳಲ್ಲಿದ್ದಾರೆ, ಕೇಳಿದರೆ ಹೇಳಿಕೊಡುತ್ತಾರೆ. ಅದು ಒಂದೆರಡು ವರ್ಷ ತಡೆಯಿಲ್ಲದೆ ನಡೆದ ಮೇಲೆ ಮೂಡಲ್. ಹಣದ ಲೆಕ್ಕ ಕಡೆಯಲ್ಲಿ.

ಅಲ್ಲಿಯವರೆಗೆ ಬಾಡಿಗೆಯ ತಂತ್ರಾಂಶವೇ ಮುಂದುವರಿಯಬೇಕಾದ ಕಡೆಗಳಲ್ಲಿ, ಮುಂದಿನ ಒಪ್ಪಂದಕ್ಕೆ ರುಜು ಹಾಕುವ ಮೊದಲು ಪ್ರಾಚಾರ್ಯರು ಕಂಪನಿಯ ಪ್ರತಿನಿಧಿಗೆ ಒಂದು ಪ್ರಶ್ನೆ ಕೇಳಬಹುದು: ಬಿಟ್ಟುಹೋಗುವ ದಿನ ಬಂದಾಗ ಈ ಕಾಲೇಜಿನ ಹತ್ತು ವರ್ಷದ ಲೆಕ್ಕಪತ್ರವನ್ನು ಯಾವ ರೂಪದಲ್ಲಿ, ಎಷ್ಟು ದಿನಗಳೊಳಗೆ ಹಿಂದಿರುಗಿಸುವಿರಿ, ಮತ್ತು ಅದನ್ನು ನಿಮ್ಮ ತಂತ್ರಾಂಶವಿಲ್ಲದೆ ಓದಲಾಗುವುದೇ? ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ, ಬರೆಯಿಸಿಕೊಂಡು, ಒಂದು ಪ್ರತಿಯನ್ನು ಆ ಹಳೆಯ ಬೀರುವಿನಲ್ಲಿಯೇ ಇಡಬೇಕು.